ಬೆವರಿದ ಮೇಲೆ ಏನು ಕುಡಿಯಬೇಕು? ನೀರು, ಉಪ್ಪು, ಓಆರ್‌ಎಸ್ ಲೆಕ್ಕ

2025ರ ಅಕ್ಟೋಬರ್ 14ರಂದು ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ, ಅಂದರೆ ಎಫ್‌ಎಸ್‌ಎಸ್‌ಎಐ, ಒಂದು ಆದೇಶ ಹೊರಡಿಸಿತು. ಹಣ್ಣಿನ ರುಚಿಯ ಸಿಹಿ ಪಾನೀಯಗಳ ಹೆಸರಿನಲ್ಲಿ ಇನ್ನು ಮುಂದೆ 'ಓಆರ್‌ಎಸ್' (ಭೇದಿಯಾದವರಿಗೆ ಕುಡಿಸುವ ಉಪ್ಪು, ಗ್ಲೂಕೋಸಿನ ದ್ರಾವಣ) ಅನ್ನುವ ಪದ ಇರುವ ಹಾಗಿಲ್ಲ ಅಂತ. 2022 ಮತ್ತು 2024ರಲ್ಲಿ ಕೊಟ್ಟಿದ್ದ ಸಡಿಲಿಕೆಯನ್ನು ಅದೇ ಆದೇಶದಲ್ಲಿ ವಾಪಸ್ ಪಡೆಯಿತು. ಇದರ ಹಿಂದೆ ಹೈದರಾಬಾದಿನ ಮಕ್ಕಳ ವೈದ್ಯೆ ಡಾ. ಶಿವರಂಜನಿ ಸಂತೋಷ್ ಅವರ ವರ್ಷಗಟ್ಟಲೆ ಹೋರಾಟ ಇತ್ತು. ಭೇದಿಯಾದ ಮಕ್ಕಳಿಗೆ ತಂದೆ ತಾಯಿ ಔಷಧಿ ಅಂತ ನಂಬಿ ಸಕ್ಕರೆ ನೀರು ಕುಡಿಸುತ್ತಿದ್ದಾರೆ ಅನ್ನುವುದು ಅವರ ಆತಂಕವಾಗಿತ್ತು.

ಆ ಪೊಟ್ಟಣಗಳನ್ನು ಕೊಳ್ಳುತ್ತಿದ್ದವರು ಮಕ್ಕಳ ತಂದೆ ತಾಯಿ ಮಾತ್ರ ಅಲ್ಲ. ಬೆಳಗ್ಗೆ ಓಡುವವರು, ಶಟಲ್ ಆಡುವವರು, ಸೈಕಲ್ ಹೊಡೆಯುವವರು ಕೂಡ ಕೊಳ್ಳುತ್ತಿದ್ದರು. ಬೆವರಿದ್ದೇವೆ, ಶಕ್ತಿ ಹೋಗಿದೆ, ಇದನ್ನು ಕುಡಿದರೆ ಸರಿ ಹೋಗುತ್ತದೆ ಅನ್ನುವ ನಂಬಿಕೆ. ಆದೇಶ ಬಂದ ಮೇಲೆ ನನ್ನ ಜೊತೆ ಓಡುವ ಗೆಳೆಯರು ಕೇಳಿದ್ದು ಒಂದೇ ಪ್ರಶ್ನೆ: "ಹಾಗಾದ್ರೆ ನಾವು ಏನು ಕುಡೀಬೇಕು?" ಸುಲಭವಾಗಿ ಕಾಣುವ ಈ ಪ್ರಶ್ನೆಗೆ ಉತ್ತರ ಬೇಕಾದರೆ ಮೊದಲು ಬೆವರು ಅಂದರೆ ಏನು ಅಂತ ನೋಡಬೇಕು.

ಬೆವರು ಮಾಡುವ ಕೆಲಸ

ಓಡುವಾಗ ಸ್ನಾಯುಗಳು ಸುಡುವ ಶಕ್ತಿಯಲ್ಲಿ ಕಾಲು ಭಾಗ ಮಾತ್ರ ಓಟಕ್ಕೆ ಹೋಗುತ್ತದೆ. ಉಳಿದ ಮುಕ್ಕಾಲು ಭಾಗ ಬರೀ ಶಾಖ. ಆ ಶಾಖ ಹೊರಗೆ ಹೋಗದಿದ್ದರೆ ಮೈ ಬಿಸಿ ಏರುತ್ತಲೇ ಹೋಗುತ್ತದೆ. ಅದನ್ನು ಹೊರಗೆ ಹಾಕಲು ದೇಹಕ್ಕೆ ಇರುವ ದೊಡ್ಡ ದಾರಿ ಬೆವರು.

ಬೇಸಿಗೆಯಲ್ಲಿ ಮಣ್ಣಿನ ಮಡಕೆಯ ನೀರು ತಣ್ಣಗಿರುತ್ತದಲ್ವಾ? ಮಡಕೆಯ ಸಣ್ಣ ಸಣ್ಣ ರಂಧ್ರಗಳಿಂದ ನೀರು ಹೊರಗೆ ಜಿನುಗಿ ಆರುತ್ತದೆ. ಆರುವಾಗ ಒಳಗಿನ ಶಾಖವನ್ನು ಹೊತ್ತುಕೊಂಡು ಹೋಗುತ್ತದೆ. ನಮ್ಮ ಚರ್ಮ ಮಾಡುವುದೂ ಅದನ್ನೇ. ಒಂದು ಲೀಟರ್ ಬೆವರು ಪೂರ್ತಿ ಆರಿದರೆ ಸುಮಾರು 580 ಕಿಲೋ ಕ್ಯಾಲೊರಿ ಶಾಖ ದೇಹದಿಂದ ಹೋಗುತ್ತದೆ. 20 ಲೀಟರ್ ಬಕೆಟ್ಟಿನ ತಣ್ಣೀರನ್ನು ಸ್ನಾನಕ್ಕೆ ಕಾಯಿಸಲು ಹೆಚ್ಚೂಕಮ್ಮಿ ಅಷ್ಟೇ ಶಾಖ ಬೇಕು.

ಗಮನಿಸಿ, ಬೆವರು ಆರಬೇಕು. ಸುಮ್ನೆ ಹನಿ ಹನಿಯಾಗಿ ನೆಲಕ್ಕೆ ಬಿದ್ದರೆ ಉಪಯೋಗವಿಲ್ಲ. ಅದಕ್ಕೇ ಮಂಗಳೂರಿನ ಬೇಸಿಗೆಗೂ ಕಲಬುರಗಿಯ ಬೇಸಿಗೆಗೂ ಇಷ್ಟು ವ್ಯತ್ಯಾಸ. ಕರಾವಳಿಯ ಗಾಳಿಯಲ್ಲಿ ಆಗಲೇ ತೇವ ತುಂಬಿರುತ್ತದೆ. ಬೆವರು ಆರುವುದಿಲ್ಲ, ಅಂಗಿ ಮೈಗೆ ಅಂಟಿಕೊಳ್ಳುತ್ತದೆ, ಮೈ ತಣ್ಣಗಾಗುವುದಿಲ್ಲ. ದೇಹ ಇನ್ನಷ್ಟು ಬೆವರು ಸುರಿಸುತ್ತದೆ. ಕಲಬುರಗಿ, ರಾಯಚೂರಿನ ಒಣ ಬಿಸಿಲಿನಲ್ಲಿ ಇದರ ಉಲ್ಟಾ. ಬೆವರು ಕಣ್ಣಿಗೆ ಕಾಣುವ ಮೊದಲೇ ಆರಿ ಹೋಗುತ್ತದೆ. "ನಾನು ಅಷ್ಟೇನೂ ಬೆವರಲಿಲ್ಲ" ಅಂತ ಅಲ್ಲಿನವರು ಅಂದುಕೊಳ್ಳುವುದು ಸಹಜ, ಆದರೆ ನೀರು ಹೋಗಿರುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳು ಬೆಳಗ್ಗೆ 8ರಿಂದ ಮಧ್ಯಾಹ್ನ 1:30ರವರೆಗೆ ಮಾತ್ರ ನಡೆಯುವುದು ಸುಮ್ಮನೆ ಅಲ್ಲ.

ಬೆವರಿನಲ್ಲಿ ಏನೇನು ಹೋಗುತ್ತದೆ

ಬಹುಪಾಲು ನೀರು. ಅದರ ಜೊತೆ ಉಪ್ಪು, ಚೂರುಪಾರು ಪೊಟ್ಯಾಸಿಯಂ. ನಾವು ಅಡುಗೆಗೆ ಹಾಕುವ ಉಪ್ಪು ಸೋಡಿಯಂ ಮತ್ತು ಕ್ಲೋರೈಡ್ ಸೇರಿ ಆದದ್ದು. ದೇಹಕ್ಕೆ ಮುಖ್ಯವಾದ ಲೆಕ್ಕ ಸೋಡಿಯಂನದು. 1 ಗ್ರಾಂ ಸೋಡಿಯಂ ಅಂದರೆ ಸುಮಾರು ಎರಡೂವರೆ ಗ್ರಾಂ ಉಪ್ಪು. ನೀರಿನಲ್ಲಿ ಕರಗಿ ವಿದ್ಯುತ್ ಹರಿಸಬಲ್ಲ ಇಂಥ ಲವಣಗಳಿಗೇ 'ಎಲೆಕ್ಟ್ರೋಲೈಟ್' ಅನ್ನುತ್ತಾರೆ. ಬಾಟಲಿಗಳ ಮೇಲೆ ದೊಡ್ಡದಾಗಿ ಮಿಂಚುವ ಆ ಪದಕ್ಕೆ ಇಷ್ಟೇ ಅರ್ಥ.

ಒಂದು ಲೀಟರ್ ಬೆವರಿನಲ್ಲಿ ಸುಮಾರು 1 ಗ್ರಾಂ ಸೋಡಿಯಂ ಇರುತ್ತದೆ. ಇದು ಒಬ್ಬೊಬ್ಬರಿಗೆ ಒಂದೊಂದು ಥರ. ಕೆಲವರಲ್ಲಿ ಅರ್ಧ ಗ್ರಾಂ, ಇನ್ನು ಕೆಲವರಲ್ಲಿ 2 ಗ್ರಾಂವರೆಗೂ ಇರಬಹುದು. ನಿಮ್ಮ ಕಪ್ಪು ಟೀ ಶರ್ಟು ಒಣಗಿದ ಮೇಲೆ ಬೆನ್ನಿನ ಹತ್ತಿರ ಬಿಳಿ ಗೆರೆಗಳು ಮೂಡುತ್ತವಾ? ಟೋಪಿಯ ಪಟ್ಟಿ ಬೆಳ್ಳಗೆ ಗಟ್ಟಿಯಾಗುತ್ತದಾ? ಕಣ್ಣಿಗೆ ಬೆವರು ಹೋದರೆ ಜಾಸ್ತಿ ಉರಿಯುತ್ತದಾ? ಹಾಗಿದ್ದರೆ ನಿಮ್ಮದು ಉಪ್ಪು ಬೆವರು.

ಬೆವರು ಎಷ್ಟೇ ಉಪ್ಪಾಗಿದ್ದರೂ ರಕ್ತದಷ್ಟು ಉಪ್ಪಲ್ಲ. ಇಡೀ ವಿಷಯದ ಬೀಗದ ಕೈ ಇರುವುದು ಇಲ್ಲಿ. ರಕ್ತದ ನೀರಿನಲ್ಲಿ ಲೀಟರಿಗೆ 3 ಗ್ರಾಂಗೂ ಜಾಸ್ತಿ ಸೋಡಿಯಂ ಇದೆ. ಅಂದರೆ ಬೆವರಿನಲ್ಲಿ ಉಪ್ಪಿಗಿಂತ ನೀರೇ ಹೆಚ್ಚು ಪಾಲು ಹೋಗುತ್ತದೆ. ಉಳಿದ ರಕ್ತ ಸ್ವಲ್ಪ ಹೆಚ್ಚು ಉಪ್ಪಾಗುತ್ತದೆ. ಸಾರು ಕುದಿದು ಬತ್ತಿದರೆ ಉಪ್ಪು ಜಾಸ್ತಿ ಆದ ಹಾಗೆ ಅನಿಸುತ್ತದಲ್ವಾ, ಹಾಗೆ. ಈ ಬದಲಾವಣೆ ನೂರಕ್ಕೆ ಒಂದೆರಡು ಪಾಲು ಆಗುತ್ತಿದ್ದ ಹಾಗೆ ಮಿದುಳಿಗೆ ಗೊತ್ತಾಗುತ್ತದೆ. ಆಗ ಬಾಯಾರಿಕೆ ಆಗುತ್ತದೆ. "ಉಪ್ಪು ತಿಂದವನು ನೀರು ಕುಡಿಯಲೇಬೇಕು" ಅನ್ನುವ ಗಾದೆಯನ್ನು ನಾವು ಬೇರೆ ಅರ್ಥದಲ್ಲಿ ಬಳಸುತ್ತೇವೆ, ಆದರೆ ದೇಹದ ಮಟ್ಟಿಗೆ ಅದು ಅಕ್ಷರಶಃ ನಿಜ.

ನೀರು ಉಪ್ಪಿನ ಹಿಂದೆ ಹೋಗುತ್ತದೆ

ಮಿಡಿ ಉಪ್ಪಿನಕಾಯಿ ಹಾಕುವುದನ್ನು ನೋಡಿದವರಿಗೆ ಇದನ್ನು ವಿವರಿಸುವುದು ಸುಲಭ. ಗಟ್ಟಿ ಮಾವಿನ ಮಿಡಿಗಳನ್ನು ಭರಣಿಯಲ್ಲಿ ಕಲ್ಲುಪ್ಪಿನ ಜೊತೆ ಹಾಕಿಡುತ್ತಾರೆ. ಒಂದು ಹನಿ ನೀರೂ ಸೇರಿಸುವುದಿಲ್ಲ. ಕೆಲವು ದಿನ ಕಳೆದು ಮುಚ್ಚಳ ತೆಗೆದರೆ ಮಿಡಿಗಳು ಸುಕ್ಕುಗಟ್ಟಿ, ತಮ್ಮದೇ ನೀರಿನಲ್ಲಿ ಮುಳುಗಿರುತ್ತವೆ. ಹೊರಗಿನ ಉಪ್ಪು ಮಿಡಿಯ ಒಳಗಿನ ನೀರನ್ನು ಎಳೆದುಕೊಂಡಿದೆ. ಇನ್ನೊಂದು ಕಡೆ, ಒಣ ಕಡಲೆಯನ್ನು ಬರೀ ನೀರಿನಲ್ಲಿ ನೆನೆಸಿಟ್ಟರೆ ಬೆಳಗಾಗುವುದರಲ್ಲಿ ನೀರು ಹೀರಿ ಉಬ್ಬಿರುತ್ತದೆ.

ದೇಹದ ಜೀವಕೋಶಗಳೂ ಹೀಗೆಯೇ. ಸುತ್ತಲಿನ ದ್ರವ ಹೆಚ್ಚು ಉಪ್ಪಾದರೆ ಕೋಶಗಳಿಂದ ನೀರು ಹೊರಗೆ ಬರುತ್ತದೆ. ಸುತ್ತಲಿನ ದ್ರವ ತೆಳುವಾದರೆ ನೀರು ಒಳಗೆ ನುಗ್ಗಿ ಕೋಶ ಉಬ್ಬುತ್ತದೆ. ಕೈ ಕಾಲಿನಲ್ಲಿ ಉಬ್ಬಿದರೆ ಉಂಗುರ ಬಿಗಿಯಾಗಬಹುದು ಅಷ್ಟೇ. ಆದರೆ ತಲೆಬುರುಡೆಯ ಒಳಗೆ ಮಿದುಳು ಉಬ್ಬಲು ಜಾಗವೇ ಇಲ್ಲ. ಈ ಮಾತು ಸ್ವಲ್ಪ ಹೊತ್ತಿನಲ್ಲೇ ಮತ್ತೆ ಬರುತ್ತದೆ.

ಒಂದು ಗಂಟೆಯ ಒಳಗಿನ ವ್ಯಾಯಾಮಕ್ಕೆ

ನಮ್ಮಲ್ಲಿ ಹೆಚ್ಚಿನವರು ಇರುವುದು ಇಲ್ಲಿ. 45 ನಿಮಿಷ ಬಿರುಸು ನಡಿಗೆ, ಅರ್ಧ ಗಂಟೆ ಓಟ, ಒಂದು ಗಂಟೆ ಜಿಮ್. ಇದಕ್ಕೆ ನೀರು ಸಾಕು. ಬಾಯಾರಿಕೆ ಆದಾಗ ನೀರು, ಆಮೇಲೆ ಮಾಮೂಲಿ ತಿಂಡಿ. ಬೇರೆ ಏನೂ ಬೇಡ.

ಯಾಕೆ ಅಂದರೆ, ಹೋದ ಉಪ್ಪು ತಟ್ಟೆಯಲ್ಲೇ ವಾಪಸ್ ಬರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ 5 ಗ್ರಾಂಗಿಂತ ಕಮ್ಮಿ ಉಪ್ಪು ತಿನ್ನಿ ಅನ್ನುತ್ತದೆ. ಭಾರತೀಯರು ತಿನ್ನುವುದು ಸರಾಸರಿ 8 ಗ್ರಾಂ ಹತ್ತಿರ. ಸಾರು, ಪಲ್ಯ, ಉಪ್ಪಿನಕಾಯಿ, ಹಪ್ಪಳ ಎಲ್ಲ ಸೇರಿದ ಊಟ ಮಾಡುವವರು ಅರ್ಧ ಗಂಟೆಯ ಓಟದ ಉಪ್ಪನ್ನು ತುಂಬಿಕೊಳ್ಳಲು ದುಡ್ಡು ಕೊಟ್ಟು ಬಾಟಲಿ ಕೊಳ್ಳುವ ಅಗತ್ಯ ನನಗಂತೂ ಕಾಣುವುದಿಲ್ಲ. 500 ಮಿಲಿ ಸ್ಪೋರ್ಟ್ಸ್ ಡ್ರಿಂಕಿನಲ್ಲಿ ಸುಮಾರು 30 ಗ್ರಾಂ ಸಕ್ಕರೆ ಇರುತ್ತದೆ. ತೂಕ ಇಳಿಸಲು ನಡೆಯುವವರು ನಡೆದು ಕಳೆದುಕೊಂಡ ಕ್ಯಾಲೊರಿಯ ದೊಡ್ಡ ಪಾಲು ಅದರಲ್ಲೇ ವಾಪಸ್ ಬರುತ್ತದೆ.

ದಿನಕ್ಕೆ ಎಂಟು ಲೋಟ ನೀರು ಕುಡಿಯಲೇಬೇಕು ಅನ್ನುವ ಮಾತಿಗೂ ಗಟ್ಟಿ ಆಧಾರ ಇಲ್ಲ. ಅನ್ನ, ಸಾರು, ಮಜ್ಜಿಗೆ, ಹಣ್ಣು, ತರಕಾರಿ ಎಲ್ಲದರಲ್ಲೂ ನೀರಿದೆ. ಕಾಫಿ, ಟೀ ಕೂಡ ಲೆಕ್ಕಕ್ಕೆ ಸೇರುತ್ತವೆ. ಮೂತ್ರದ ಬಣ್ಣ ನೋಡಿಕೊಳ್ಳಿ. ತೆಳು ಹಳದಿ ಇದ್ದರೆ ಸರಿ ಇದೆ. ಕಡು ಹಳದಿ ಇದ್ದರೆ ನೀರು ಸಾಲುತ್ತಿಲ್ಲ. ಬಿ ಕಾಂಪ್ಲೆಕ್ಸ್ ಮಾತ್ರೆ ತಿನ್ನುವವರಿಗೆ ಮಾತ್ರ ಈ ಅಂದಾಜು ಕೆಲಸ ಮಾಡುವುದಿಲ್ಲ, ಆ ಮಾತ್ರೆಯೇ ಹಳದಿ ಬಣ್ಣ ಕೊಡುತ್ತದೆ.

ನಿಮ್ಮ ಬೆವರನ್ನು ನೀವೇ ಅಳೆಯಿರಿ

ಓಟ ಒಂದು ಗಂಟೆ ದಾಟಿತು, ಬಿಸಿಲೂ ಇದೆ ಅಂದಾಗ ಲೆಕ್ಕ ಬದಲಾಗುತ್ತದೆ. ಎಷ್ಟು ಬದಲಾಗುತ್ತದೆ ಅಂತ ತಿಳಿಯಲು ಮನೆಯ ತೂಕದ ಯಂತ್ರ ಸಾಕು.

ಒಂದು ಏಪ್ರಿಲ್ ಭಾನುವಾರ ನಾನು ಮಾಡಿದ್ದನ್ನೇ ಹೇಳುತ್ತೇನೆ. ಬೆಳಗ್ಗೆ ಮೂತ್ರಕ್ಕೆ ಹೋಗಿ ಬಂದು ಒಳ ಚಡ್ಡಿಯಲ್ಲಿ ನಿಂತು ನೋಡಿದೆ: 68.4 ಕೆ.ಜಿ. 75 ನಿಮಿಷ ಓಡಿದೆ. ನಡುವೆ 300 ಮಿಲಿ ನೀರು ಕುಡಿದೆ. ವಾಪಸ್ ಬಂದು ಮೈ ಒರೆಸಿಕೊಂಡು ಮತ್ತೆ ಹಾಗೇ ನಿಂತೆ: 67.2. ಕಮ್ಮಿಯಾದದ್ದು 1.2 ಕೆ.ಜಿ. ಅದಕ್ಕೆ ಕುಡಿದ 300 ಮಿಲಿ ಸೇರಿಸಿದರೆ ಸುಮಾರು ಒಂದೂವರೆ ಲೀಟರ್. ನಾನು ಅಷ್ಟು ಬೆವರಿದ್ದೆ. ಅರ್ಧ ಲೀಟರ್ ಇರಬಹುದು ಅಂತ ಅಂದುಕೊಂಡಿದ್ದೆ.

ಗಂಟೆಗೆ ಅರ್ಧ ಲೀಟರಿನಿಂದ 2 ಲೀಟರ್‌ವರೆಗೂ ಬೆವರುವವರಿದ್ದಾರೆ. ಅದಕ್ಕೇ ಎಲ್ಲರಿಗೂ ಒಂದೇ ಅಳತೆ ಹೇಳಲು ಬರುವುದಿಲ್ಲ. ಹೋದಷ್ಟನ್ನೂ ಓಡುವಾಗಲೇ ತುಂಬಿಕೊಳ್ಳಬೇಕು ಅಂತಿಲ್ಲ. ತೂಕದಲ್ಲಿ ನೂರಕ್ಕೆ ಎರಡು ಪಾಲಿಗಿಂತ ಜಾಸ್ತಿ ಇಳಿಯದಂತೆ ನೋಡಿಕೊಂಡರೆ ಸಾಮಾನ್ಯವಾಗಿ ಸಾಕು. 68 ಕೆ.ಜಿ. ಇರುವವರಿಗೆ ಅದು ಸುಮಾರು 1.4 ಕೆ.ಜಿ. ಉಳಿದದ್ದನ್ನು ಮನೆಗೆ ಬಂದು ನಿಧಾನವಾಗಿ ಕುಡಿಯಬಹುದು. ಇಳಿದ ಆ ತೂಕ ನೀರು, ಕೊಬ್ಬಲ್ಲ. ಸಂಜೆಯೊಳಗೆ ವಾಪಸ್ ಬರುತ್ತದೆ, ಬರಲೇಬೇಕು.

ಇನ್ನೊಂದು ಒಳ್ಳೆಯ ಸುದ್ದಿ ಇದೆ. ದೇಹ ಬಿಸಿಲಿಗೆ ಹೊಂದಿಕೊಳ್ಳುತ್ತದೆ. ಒಂದರಿಂದ ಎರಡು ವಾರ ದಿನಾ ಸ್ವಲ್ಪ ಸ್ವಲ್ಪ ಬಿಸಿಲಿನಲ್ಲಿ ಬೆವರಿದರೆ ಬೆವರು ಬೇಗ ಶುರುವಾಗುತ್ತದೆ, ಜಾಸ್ತಿ ಬರುತ್ತದೆ, ಅದರಲ್ಲಿ ಉಪ್ಪು ಕಮ್ಮಿಯಾಗುತ್ತದೆ. ಬೆವರಿನ ಗ್ರಂಥಿಗಳು ಉಪ್ಪನ್ನು ವಾಪಸ್ ಎಳೆದುಕೊಳ್ಳುವುದನ್ನು ಕಲಿಯುತ್ತವೆ. 2008ರಲ್ಲಿ ಶುರುವಾದ ಬೆಂಗಳೂರಿನ 10ಕೆ, ಅಂದರೆ 10 ಕಿಲೋಮೀಟರ್ ಓಟ, ಸಾಮಾನ್ಯವಾಗಿ ಬಿಸಿಲ ತಿಂಗಳಲ್ಲೇ ನಡೆಯುತ್ತದೆ. ಚಳಿಗಾಲದಲ್ಲಿ ಅಭ್ಯಾಸ ಮಾಡಿದವರು ಮಾರ್ಚಿನಲ್ಲಿ ವೇಗ ಕಮ್ಮಿ ಮಾಡಿ ಈ ಎರಡು ವಾರ ದೇಹಕ್ಕೆ ಕೊಡಬೇಕು.

ನೀರು ಜಾಸ್ತಿಯಾದರೂ ಅಪಾಯ

ಇದನ್ನು ಹೇಳಿದರೆ ಎಷ್ಟೋ ಜನ ನಂಬುವುದಿಲ್ಲ. ನೀರು ಎಷ್ಟು ಕುಡಿದರೂ ಒಳ್ಳೆಯದೇ ಅಂತ ನಮಗೆಲ್ಲ ಕಲಿಸಿದ್ದಾರೆ.

2002ರ ಬಾಸ್ಟನ್ ಮ್ಯಾರಥಾನಿನಲ್ಲಿ ಸಂಶೋಧಕರು ಗುರಿ ಮುಟ್ಟಿದ 488 ಓಟಗಾರರ ರಕ್ತ ಪರೀಕ್ಷೆ ಮಾಡಿದರು. ನೂರಕ್ಕೆ 13 ಜನರಲ್ಲಿ ಸೋಡಿಯಂ ಇರಬೇಕಾದ ಮಟ್ಟಕ್ಕಿಂತ ಕೆಳಗಿತ್ತು. ಮೂವರಲ್ಲಿ ಜೀವಕ್ಕೆ ಅಪಾಯವಾಗುವಷ್ಟು ಇಳಿದಿತ್ತು. ಯಾರಿಗೆ ಹೀಗಾಯಿತು? ಓಡುವಾಗ ಎಷ್ಟು ಕುಡಿದರೆಂದರೆ ಓಟ ಮುಗಿಯುವ ಹೊತ್ತಿಗೆ ತೂಕ ಹೆಚ್ಚಿಸಿಕೊಂಡವರಿಗೆ. ನಾಲ್ಕು ಗಂಟೆಗಿಂತ ಹೆಚ್ಚು ಹೊತ್ತು ನಿಧಾನವಾಗಿ ಓಡಿದವರಿಗೆ. ವೇಗದ ಓಟಗಾರರಿಗೆ ಕುಡಿಯಲು ಪುರಸೊತ್ತೇ ಇರುವುದಿಲ್ಲ. ನಿಧಾನವಾಗಿ ಓಡುವವರು ಬೆವರುವುದು ಕಮ್ಮಿ, ಆದರೆ ನೀರು ಕೊಡುವ ಪ್ರತಿ ಮೇಜಿನ ಹತ್ತಿರವೂ ನಿಲ್ಲುತ್ತಾರೆ.

ಜೋರು ವ್ಯಾಯಾಮ ಮಾಡುವಾಗ ಮೂತ್ರಪಿಂಡಗಳು ನೀರನ್ನು ಹಿಡಿದಿಟ್ಟುಕೊಳ್ಳುತ್ತವೆ. ಹೆಚ್ಚಾದ ನೀರು ಬೇಗ ಹೊರಗೆ ಹೋಗುವುದಿಲ್ಲ. ರಕ್ತ ತೆಳುವಾಗುತ್ತದೆ. ನೆನೆಸಿದ ಕಡಲೆಯ ಹಾಗೆ ಕೋಶಗಳು ಉಬ್ಬುತ್ತವೆ. ಮೊದಲು ವಾಕರಿಕೆ, ತಲೆನೋವು, ಬೆರಳುಗಳ ಊತ. ಮುಂದೆ ಗೊಂದಲ, ಫಿಟ್ಸ್. ಇಂಥವರನ್ನು ನೋಡಿ "ಸುಸ್ತಾಗಿದೆ, ಇನ್ನೊಂದು ಬಾಟಲಿ ನೀರು ಕೊಡಿ" ಅಂದರೆ ಪರಿಸ್ಥಿತಿ ಇನ್ನೂ ಕೆಡುತ್ತದೆ. ಸ್ಪೋರ್ಟ್ಸ್ ಡ್ರಿಂಕ್ ಕುಡಿದರೂ ರಕ್ಷಣೆ ಇಲ್ಲ, ಯಾಕೆಂದರೆ ಅದರಲ್ಲಿ ರಕ್ತಕ್ಕಿಂತ ಎಷ್ಟೋ ಪಟ್ಟು ಕಮ್ಮಿ ಉಪ್ಪಿದೆ. ಉದ್ದ ಓಟದ ದಿನ ಮುಂಜಾಗ್ರತೆಗೆ ಅಂತ ನೋವಿನ ಮಾತ್ರೆ ನುಂಗುವ ಅಭ್ಯಾಸವನ್ನೂ ಬಿಡಬೇಕು. ಐಬುಪ್ರೊಫೆನ್‌ನಂಥ ಮಾತ್ರೆಗಳು ಮೂತ್ರಪಿಂಡದ ಕೆಲಸವನ್ನು ಇನ್ನಷ್ಟು ಕಷ್ಟ ಮಾಡುತ್ತವೆ.

ಬಾಯಾರಿದಾಗ ಕುಡಿಯಿರಿ, ಬಾಯಾರಿಕೆ ಇಲ್ಲದಿದ್ದರೆ ಒತ್ತಾಯ ಮಾಡಿಕೊಳ್ಳಬೇಡಿ. ಆರೋಗ್ಯವಾಗಿರುವ ದೊಡ್ಡವರಿಗೆ ಇದಕ್ಕಿಂತ ಸುಲಭವಾದ, ಸುರಕ್ಷಿತವಾದ ಲೆಕ್ಕ ಇನ್ನೊಂದಿಲ್ಲ.

ಓಆರ್‌ಎಸ್ ಅಂದರೆ ನಿಜವಾಗಿ ಏನು

ಓಆರ್‌ಎಸ್ ಹುಟ್ಟಿದ್ದು ಓಟಗಾರರಿಗಾಗಿ ಅಲ್ಲ, ಭೇದಿಯಾದವರಿಗಾಗಿ. ಕಾಲರಾ ಬಂದವರಿಗೆ ಬರೀ ನೀರು ಕುಡಿಸಿದರೆ ಕರುಳು ಅದನ್ನು ಹೀರಿಕೊಳ್ಳುವುದಿಲ್ಲ. ಬರೀ ಉಪ್ಪು ನೀರೂ ಹಾಗೇ ಹೊರಗೆ ಹೋಗುತ್ತದೆ. ಆದರೆ ಕರುಳಿನ ಗೋಡೆಯಲ್ಲಿ ಒಂದು ವಿಶೇಷ ಬಾಗಿಲಿದೆ. ಅದು ಬ್ಯಾಂಕಿನ ಲಾಕರ್ ಇದ್ದ ಹಾಗೆ. ಬ್ಯಾಂಕಿನವರ ಕೀಲಿ, ನಮ್ಮ ಕೀಲಿ ಎರಡೂ ಹಾಕಿದರೆ ಮಾತ್ರ ತೆರೆಯುತ್ತದೆ. ಇಲ್ಲಿ ಒಂದು ಕೀಲಿ ಸೋಡಿಯಂ, ಇನ್ನೊಂದು ಗ್ಲೂಕೋಸ್. ಎರಡೂ ಒಟ್ಟಿಗೆ ಒಳಗೆ ಹೋಗುತ್ತವೆ, ಅವುಗಳ ಹಿಂದೆ ನೀರು ಹೋಗುತ್ತದೆ. ಜೋರು ಭೇದಿ ಇದ್ದಾಗಲೂ ಈ ಬಾಗಿಲು ಕೆಲಸ ಮಾಡುತ್ತದೆ.

1971ರಲ್ಲಿ ಬಾಂಗ್ಲಾ ಯುದ್ಧದ ನಿರಾಶ್ರಿತರು ಪಶ್ಚಿಮ ಬಂಗಾಳದ ಬನಗಾಂವ್‌ನಲ್ಲಿ ತುಂಬಿಕೊಂಡಿದ್ದರು. ಕಾಲರಾ ಹಬ್ಬಿತ್ತು. ರಕ್ತನಾಳಕ್ಕೆ ಹಾಕುವ ಸಲೈನ್ ಮುಗಿಯುತ್ತಾ ಬಂದಿತ್ತು. ಅಲ್ಲಿದ್ದ ಡಾ. ದಿಲೀಪ್ ಮಹಲನಬಿಸ್ ಉಪ್ಪು, ಅಡುಗೆ ಸೋಡಾ, ಗ್ಲೂಕೋಸ್ ಅಳೆದು ಬೆರೆಸಿ, ಡ್ರಮ್ಮುಗಳಲ್ಲಿ ತುಂಬಿ, ಜೊತೆಗಿದ್ದ ಬಂಧುಗಳ ಕೈಯಲ್ಲೇ ರೋಗಿಗಳಿಗೆ ಕುಡಿಸಿದರು. ನೂರಕ್ಕೆ 30ರ ಆಸುಪಾಸಿನಲ್ಲಿದ್ದ ಸಾವು 4ಕ್ಕಿಂತ ಕೆಳಗಿಳಿಯಿತು. ಅವರಿಗೆ ಪದ್ಮವಿಭೂಷಣ ಬಂದದ್ದು 2023ರಲ್ಲಿ, ತೀರಿಹೋದ ಮೇಲೆ.

ವಿಶ್ವ ಆರೋಗ್ಯ ಸಂಸ್ಥೆಯ ಈಗಿನ ಅಳತೆ ಇದು: ಒಂದು ಲೀಟರ್ ನೀರಿಗೆ 2.6 ಗ್ರಾಂ ಉಪ್ಪು, 13.5 ಗ್ರಾಂ ಗ್ಲೂಕೋಸ್, 1.5 ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್, 2.9 ಗ್ರಾಂ ಸೋಡಿಯಂ ಸಿಟ್ರೇಟ್ ಅನ್ನುವ ಲವಣ. ಗ್ಲೂಕೋಸ್ ಎಷ್ಟು ಕಮ್ಮಿ ನೋಡಿ, 100 ಮಿಲಿಗೆ ಒಂದೂಕಾಲು ಗ್ರಾಂಗಿಂತ ಸ್ವಲ್ಪ ಜಾಸ್ತಿ. ಹಣ್ಣಿನ ರಸದಲ್ಲಿ, ಕೋಲಾದಲ್ಲಿ ಅದೇ 100 ಮಿಲಿಗೆ ಸುಮಾರು 10 ಗ್ರಾಂ ಸಕ್ಕರೆ. ಅಷ್ಟು ಸಕ್ಕರೆ ಕರುಳಿಗೆ ಹೋದರೆ ಮಿಡಿ ಉಪ್ಪಿನಕಾಯಿಯ ಭರಣಿಯ ಕಥೆಯೇ. ಉಪ್ಪಿನ ಹಾಗೆ ಸಕ್ಕರೆಯೂ ನೀರನ್ನು ತನ್ನ ಕಡೆ ಎಳೆಯುತ್ತದೆ. ಭೇದಿ ನಿಲ್ಲುವ ಬದಲು ಜಾಸ್ತಿಯಾಗಬಹುದು. ಎಫ್‌ಎಸ್‌ಎಸ್‌ಎಐ ಆದೇಶ ಯಾಕೆ ಮುಖ್ಯವಾಯಿತು ಅನ್ನುವುದಕ್ಕೆ ಉತ್ತರ ಈ ಎರಡು ಅಂಕಿಗಳಲ್ಲಿದೆ.

ಅಂಗಡಿಯಲ್ಲಿ ನಿಂತಾಗ

ಪೊಟ್ಟಣದ ಮುಂಭಾಗ ಬಿಟ್ಟು ಹಿಂಭಾಗ ಓದಿ. 100 ಮಿಲಿಗೆ ಸೋಡಿಯಂ ಎಷ್ಟು, ಸಕ್ಕರೆ ಎಷ್ಟು ಅನ್ನುವ ಎರಡು ಸಾಲು ಸಾಕು. ಸೋಡಿಯಂ 170 ಮಿಲಿಗ್ರಾಂ ಹತ್ತಿರ, ಸಕ್ಕರೆ ಒಂದೂಕಾಲು ಗ್ರಾಂ ಹತ್ತಿರ ಇದ್ದರೆ ಅದು ಓಆರ್‌ಎಸ್. ಸೋಡಿಯಂ 45ರ ಆಸುಪಾಸು, ಸಕ್ಕರೆ 6 ಗ್ರಾಂ ಇದ್ದರೆ ಅದು ಸ್ಪೋರ್ಟ್ಸ್ ಡ್ರಿಂಕ್. ಅಮೆರಿಕದ ಫ್ಲಾರಿಡಾ ವಿಶ್ವವಿದ್ಯಾಲಯದ ಫುಟ್‌ಬಾಲ್ ಆಟಗಾರರಿಗೆ 1965ರಲ್ಲಿ ಮಾಡಿದ ಗೇಟರೇಡ್ ಈ ಜಾತಿಯದು. ಅದರಲ್ಲಿ ಸಕ್ಕರೆ ಇರುವುದು ದಣಿದ ಸ್ನಾಯುಗಳಿಗೆ ಇಂಧನವಾಗಿ. ಒಂದೂವರೆ ಗಂಟೆ ಮೀರಿದ ಓಟಕ್ಕೆ, ಸೈಕಲ್ ಸವಾರಿಗೆ ಅದು ಉಪಯೋಗ. ಸಕ್ಕರೆ 10 ಗ್ರಾಂ ಇದ್ದು ಸೋಡಿಯಂ ಹೆಸರಿಗೆ ಮಾತ್ರ ಇದ್ದರೆ ಅದು ಸಿಹಿ ಪಾನೀಯ, ಹೆಸರು ಏನೇ ಇರಲಿ.

ಎಳನೀರು ಒಳ್ಳೆಯದೇ, ಅದರ ಬಗ್ಗೆ ಎರಡು ಮಾತಿಲ್ಲ. ಆದರೆ ಅದರಲ್ಲಿ ಜಾಸ್ತಿ ಇರುವುದು ಪೊಟ್ಯಾಸಿಯಂ. ಬೆವರಿನಲ್ಲಿ ಮುಖ್ಯವಾಗಿ ಹೋಗುವುದು ಸೋಡಿಯಂ, ಎಳನೀರಿನಲ್ಲಿ ಅದು ಕಮ್ಮಿ. ಮದ್ದೂರಿನಿಂದ ಬಂದ ಎಳನೀರು ಎಷ್ಟೇ ಸಿಹಿಯಾಗಿದ್ದರೂ ಉದ್ದ ಓಟದ ಮೇಲೆ ಅದೊಂದೇ ಸಾಲದು. ಜೊತೆಗೆ ಉಪ್ಪಿರುವ ತಿಂಡಿ ಬೇಕು. ಖಾಲಿ ದೋಸೆ ಚಟ್ನಿಯಾದರೂ ಸರಿ.

ನಮ್ಮ ಅಡುಗೆಮನೆಯಲ್ಲಿ ಇದಕ್ಕೆಲ್ಲ ಉತ್ತರ ಮೊದಲೇ ಇದೆ. ರಾಮನವಮಿ ಬರುವುದು ಬಿಸಿಲು ಏರುವ ಹೊತ್ತಿಗೆ. ಆ ದಿನ ಹಂಚುವುದು ಪಾನಕ, ನೀರು ಮಜ್ಜಿಗೆ, ಕೋಸಂಬರಿ. ಪಾನಕದಲ್ಲಿ ಬೆಲ್ಲ, ನಿಂಬೆ, ಮಜ್ಜಿಗೆಯಲ್ಲಿ ಉಪ್ಪು. ಉದ್ದ ಓಟಕ್ಕೆ ನಾನು ಮಾಡಿಕೊಳ್ಳುವುದು ಪಾನಕದ ತೆಳು ರೂಪ: ಒಂದು ಲೀಟರ್ ನೀರಿಗೆ 60 ಗ್ರಾಂ ಬೆಲ್ಲ, ಕಾಲು ಟೀ ಚಮಚ ಉಪ್ಪು, ಒಂದು ನಿಂಬೆಹಣ್ಣಿನ ರಸ. ಬೆಲ್ಲ ಕರಗಿಸಿ ಸೋಸಬೇಕು, ಇಲ್ಲದಿದ್ದರೆ ಬಾಟಲಿಯ ಮೂತಿಯಲ್ಲಿ ಕಸ ಸಿಕ್ಕಿಕೊಳ್ಳುತ್ತದೆ. ಓಟ ಮುಗಿದ ಮೇಲೆ ಉಪ್ಪು ಹಾಕಿದ ಮಜ್ಜಿಗೆ, ಇಲ್ಲವೇ ರಾಗಿ ಅಂಬಲಿ.

ಭೇದಿಯಾದಾಗ ಮಾತ್ರ ಅಂದಾಜಿನ ಆಟ ಬೇಡ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ, ಆಶಾ ಕಾರ್ಯಕರ್ತೆಯರ ಹತ್ತಿರ ಓಆರ್‌ಎಸ್ ಪೊಟ್ಟಣ ಪುಕ್ಕಟೆ ಸಿಗುತ್ತದೆ. ಅದು ಸಿಗದಿದ್ದರೆ ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ಎರಡೂ ತಲೆ ಸವರಿದ ಚಮಚ. ಉಪ್ಪು ಇದಕ್ಕಿಂತ ಜಾಸ್ತಿ ಹಾಕಬಾರದು, ಚಿಕ್ಕ ಮಕ್ಕಳಿಗೆ ಅದು ಅಪಾಯ.

ಮೀನಖಂಡ ಹಿಡಿದುಕೊಂಡರೆ

ಓಟದ ಕೊನೆಯಲ್ಲಿ ಮೀನಖಂಡ ಹಿಡಿದರೆ "ಉಪ್ಪು ಕಮ್ಮಿಯಾಗಿದೆ" ಅಂತ ಎಲ್ಲರೂ ಹೇಳುತ್ತಾರೆ. ಹೆಚ್ಚಿನ ಸಲ ಕಾರಣ ಸ್ನಾಯುವಿನ ದಣಿವು. ಅಭ್ಯಾಸಕ್ಕಿಂತ ಜಾಸ್ತಿ ದೂರ, ಜಾಸ್ತಿ ವೇಗ. ಅದಕ್ಕೇ ನಿಂತು ಪಾದವನ್ನು ನಿಧಾನವಾಗಿ ತನ್ನ ಕಡೆ ಎಳೆದುಕೊಂಡರೆ ನಿಮಿಷದೊಳಗೆ ಬಿಡುತ್ತದೆ. ಅಷ್ಟು ಬೇಗ ಯಾವ ಉಪ್ಪೂ ಸ್ನಾಯುವಿಗೆ ತಲುಪುವುದಿಲ್ಲ.

ಯಾರು ಹುಷಾರಾಗಿರಬೇಕು

ವಯಸ್ಸಾದಂತೆ ಬಾಯಾರಿಕೆ ಮಂದವಾಗುತ್ತದೆ. ಅರವತ್ತು ದಾಟಿದವರು ಬೆಳಗಿನ ನಡಿಗೆಗೆ ಮೊದಲು ಒಂದು ಲೋಟ, ಬಂದ ಮೇಲೆ ಒಂದು ಲೋಟ ನೀರು ಅಂತ ರೂಢಿ ಮಾಡಿಕೊಳ್ಳುವುದು ಒಳ್ಳೆಯದು. ಬಿಪಿ ಇರುವವರು ಉಪ್ಪು ಸೇರಿಸಿದ ಪಾನೀಯ ಕುಡಿಯುವ ಮೊದಲು ತಮ್ಮ ವೈದ್ಯರನ್ನು ಕೇಳಬೇಕು. ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುವವರೂ ಅಷ್ಟೇ. ಮೂತ್ರಪಿಂಡದ ತೊಂದರೆ ಇರುವವರಿಗೆ ಎಳನೀರಿನ ಪೊಟ್ಯಾಸಿಯಂ ಕೂಡ ಅಪಾಯ ತರಬಹುದು. ಸಕ್ಕರೆ ಕಾಯಿಲೆಯವರು ಪಾನಕ, ಸ್ಪೋರ್ಟ್ಸ್ ಡ್ರಿಂಕ್ ಎರಡನ್ನೂ ಲೆಕ್ಕ ಇಟ್ಟು ಕುಡಿಯಬೇಕು.

ಇನ್ನು ಬಿಸಿಲಿನ ಹೊಡೆತ. ಓಡುತ್ತಿದ್ದವರು ತೊದಲಲು ಶುರು ಮಾಡಿದರೆ, ದಿಕ್ಕು ತಪ್ಪಿದಂತೆ ನಡೆದರೆ, ಕೇಳಿದ್ದಕ್ಕೆ ಸಂಬಂಧವಿಲ್ಲದ ಉತ್ತರ ಕೊಟ್ಟರೆ, ಮೈ ಕಾದ ಹೆಂಚಿನಂತಿದ್ದರೆ ಅದು ಬರೀ ಸುಸ್ತಲ್ಲ. ಬೆವರು ಬರುತ್ತಿದ್ದರೂ ಬಿಸಿಲಿನ ಹೊಡೆತ ಇರಬಹುದು. ಎಚ್ಚರ ತಪ್ಪುತ್ತಿರುವವರ ಬಾಯಿಗೆ ನೀರು ಹಾಕಬೇಡಿ. ನೆರಳಿಗೆ ತನ್ನಿ, ಬಟ್ಟೆ ಸಡಿಲ ಮಾಡಿ, ತಲೆಯಿಂದ ಕಾಲಿನವರೆಗೆ ತಣ್ಣೀರು ಸುರಿಯಿರಿ, ಪೇಪರ್ ಆಗಲಿ ಟವೆಲ್ ಆಗಲಿ ಸಿಕ್ಕಿದ್ದರಲ್ಲಿ ಗಾಳಿ ಬೀಸಿ. ಅಷ್ಟರಲ್ಲಿ ಪಕ್ಕದಲ್ಲಿರುವವರೊಬ್ಬರು 108ಕ್ಕೆ ಫೋನ್ ಮಾಡಲಿ. ಆಂಬುಲೆನ್ಸ್ ಬರುವವರೆಗೂ ನೀರು ಸುರಿಯುವುದನ್ನು ನಿಲ್ಲಿಸಬೇಡಿ.